ಮೈತ್ರಿ ಮಾತ್ರೆ ಅಲ್ಲ

ಬುಧವಾರ ಮಧ್ಯಾಹ್ನ ಹನ್ನೆರಡೂವರೆ. ಮ್ಯಾಕ್ವೆರಿ ಪಾರ್ಕಿನ ಒಂದು ಆಫೀಸು, ನಾಲ್ಕನೇ ಮಹಡಿ, ಗಾಜಿನ ಮೀಟಿಂಗ್ ರೂಮು. ಹದಿನಾಲ್ಕು ಜನ ಕಣ್ಣು ಮುಚ್ಚಿ ಕೂತಿದ್ದೀವಿ. ಪರದೆಯ ಮೇಲೆ ಹೇಳಿಕೊಡುವವರ ಮುಖ, ಮೆತ್ತನೆ ದನಿ. ಮೊದಲು ನಿಮಗೆ ನೀವೇ ಒಳ್ಳೇದು ಹಾರೈಸಿಕೊಳ್ಳಿ ಅಂದ್ರು. ಆಮೇಲೆ ನಿಮಗೆ ಪ್ರೀತಿಪಾತ್ರರಾದ ಒಬ್ಬರಿಗೆ. ಆಮೇಲೆ ದಿನಾ ನೋಡುವ, ಆದರೆ ಹೆಸರು ಗೊತ್ತಿಲ್ಲದ ಒಬ್ಬರಿಗೆ. ನನಗೆ ಕೆಳಗಡೆ ಕಾಫಿ ಮಾಡಿಕೊಡೋ ಹುಡುಗ ನೆನಪಾದ. ಇನ್ನು ನಾಲ್ಕನೆಯದು, ನಿಮಗೆ ಆಗದವರು, ನಿಮ್ಮ ಮನಸ್ಸು ನೋಯಿಸಿದವರು. ಅಷ್ಟರಲ್ಲಿ ಆ ದನಿ ಹೇಳಿತು: "ಇವತ್ತು ಟೈಮ್ ಕಡಿಮೆ ಇದೆ, ಆ ಹೆಜ್ಜೆ ಬಿಟ್ಟುಬಿಡೋಣ. ನೇರವಾಗಿ ಸಕಲ ಜೀವಿಗಳಿಗೆ ಹೋಗೋಣ."

ಹೋದೆವು. ಸಕಲ ಜೀವಿಗಳಿಗೂ ಒಂದೂವರೆ ನಿಮಿಷದಲ್ಲಿ ಒಳ್ಳೇದು ಹಾರೈಸಿ, ಒಂದು ಗಂಟೆಗೆ ಸರಿಯಾಗಿ ಲ್ಯಾಪ್‌ಟಾಪ್ ತೆರೆದೆವು.

ಈ ಬರಹ ಆ ಬಿಟ್ಟುಹೋದ ಹೆಜ್ಜೆಯ ಬಗ್ಗೆ. ನನ್ನ ವಾದ ಇಷ್ಟೇ: ಮೈತ್ರಿ ಧ್ಯಾನವನ್ನು ನಾವು ಸ್ಟ್ರೆಸ್ ಇಳಿಸೋ ಮಾತ್ರೆ ಮಾಡಿಕೊಂಡಿದ್ದೀವಿ. ಹಾಗೆ ಮಾಡೋಕೆ ಅದರೊಳಗಿನ ಕಹಿ ಭಾಗವನ್ನು ತೆಗೆದುಹಾಕಿದ್ದೀವಿ. ಆದರೆ ಔಷಧಿ ಇದ್ದದ್ದು ಆ ಕಹಿಯಲ್ಲೇ.

ಮೊದಲು ಪದ

ಇಲ್ಲೇ ಹುಟ್ಟಿ ಬೆಳೆದು ಈಗ ಕನ್ನಡ ಕಲೀತಿರುವವರಿಗೆ ಒಂದು ಮಾತು. ಕನ್ನಡ ಪತ್ರಿಕೆಯಲ್ಲಿ 'ಮೈತ್ರಿ' ಅಂತ ಹುಡುಕಿದರೆ ನಿಮಗೆ ಸಿಗೋದು ಧ್ಯಾನ ಅಲ್ಲ, ಮೈತ್ರಿ ಸರ್ಕಾರ. ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗದ ಎರಡು ಪಕ್ಷಗಳು ಕುರ್ಚಿಗಾಗಿ ಕೈ ಹಿಡಿದು ನಿಲ್ಲೋದು. 2018ರಲ್ಲಿ ಕರ್ನಾಟಕದಲ್ಲಿ ಹಾಗೆ ಒಂದು ಸರ್ಕಾರ ಬಂತು, ಹದಿನಾಲ್ಕು ತಿಂಗಳಲ್ಲಿ ಬಿತ್ತು. ಪದದ ಮೂಲ ಮಿತ್ರ, ಅಂದರೆ ಗೆಳೆಯ. ಮೈತ್ರಿ ಅಂದ್ರೆ ಗೆಳೆತನದ ಭಾವ. ಪಾಲಿಯಲ್ಲಿ ಅದೇ ಮೆತ್ತಾ.

ಇದನ್ನ 'ಲವ್' ಅಂತ ಅನುವಾದಿಸಿದ ತಕ್ಷಣ ಗೊಂದಲ ಶುರುವಾಗುತ್ತೆ. ನನಗೆ ಕಷ್ಟ ಕೊಟ್ಟ ಮನುಷ್ಯನನ್ನ ಪ್ರೀತಿಸು ಅಂದ್ರೆ ಹೇಗೆ ಪ್ರೀತಿಸಲಿ? ಆದರೆ 'ಅವನ ಹೊಟ್ಟೆ ತಣ್ಣಗಿರಲಿ' ಅಂತ ಅನ್ನು ಅಂದ್ರೆ, ಹಲ್ಲು ಕಚ್ಚಿಕೊಂಡಾದರೂ ಅನ್ನಬಹುದು. ನಮ್ಮ ಅಜ್ಜಿಯರು ಊಟ ಹಾಕಿದವರಿಗೆ, ನೀರು ಕೊಟ್ಟವರಿಗೆ ಹೇಳುತ್ತಿದ್ದ ಮಾತು ಇದೇ. ಇದರ ವಿರುದ್ಧ ಪದವೂ ನಮ್ಮಲ್ಲಿದೆ: ಹೊಟ್ಟೆಉರಿ. ಒಂದು ಕಡೆ ತಣ್ಣಗಿನ ಹೊಟ್ಟೆ, ಇನ್ನೊಂದು ಕಡೆ ಉರಿಯುವ ಹೊಟ್ಟೆ. ಸ್ಟ್ರೆಸ್ ಅನ್ನೋ ಪದ ನಮ್ಮ ಮನೆಗೆ ಬರೋಕೆ ಮುಂಚೆನೇ ಅದು ಎಲ್ಲಿ ಸುಡುತ್ತೆ ಅಂತ ಕನ್ನಡಕ್ಕೆ ಗೊತ್ತಿತ್ತು.

ಈ ಅಭ್ಯಾಸ ಎಲ್ಲಿಂದ ಬಂತು

ನಾಲ್ಕು ಹೆಜ್ಜೆಗಳ ಈ ಕ್ರಮ ಯಾವುದೋ ಆಪ್ ಕಂಪನಿ ಕಂಡುಹಿಡಿದದ್ದಲ್ಲ. ಐದನೇ ಶತಮಾನದಲ್ಲಿ ಶ್ರೀಲಂಕಾದಲ್ಲಿ ಕೂತು ಬುದ್ಧಘೋಷ ಬರೆದ ವಿಶುದ್ಧಿಮಗ್ಗದಲ್ಲಿ ಇದು ವಿವರವಾಗಿ ಇದೆ. ತಾನು, ಪ್ರಿಯರು, ಇತ್ತ ಪ್ರಿಯರೂ ಅಲ್ಲ ಅತ್ತ ಶತ್ರುವೂ ಅಲ್ಲ ಅನ್ನುವಂಥವರು, ಕೊನೆಗೆ ವೈರಿ.

ಅಲ್ಲಿ ಒಂದು ಪರೀಕ್ಷೆ ಬರುತ್ತೆ. ಈ ನಾಲ್ವರೂ ಒಟ್ಟಿಗೆ ಕೂತಿದ್ದಾರೆ. ಕಳ್ಳರು ಬಂದು 'ಬಲಿಗೆ ಒಬ್ಬರನ್ನ ಕೊಡು' ಅಂತಾರೆ. ಪ್ರಿಯನನ್ನ ಬಿಟ್ಟು ವೈರಿಯನ್ನ ತೋರಿಸಿದರೆ ನೀವು ಫೇಲು. ಸರಿ, ನಾನು ದೊಡ್ಡ ಮನುಷ್ಯ ಅಂತ 'ನನ್ನನ್ನೇ ತಗೊಳ್ಳಿ' ಅಂದರೂ ಫೇಲು! ನಾಲ್ವರಲ್ಲಿ ಯಾರನ್ನೂ ಆರಿಸಿ ಕೊಡೋಕೆ ಕೈ ಬರದಿದ್ದಾಗ ಮಾತ್ರ ಗೋಡೆ ಬಿತ್ತು ಅಂತ ಲೆಕ್ಕ. ತ್ಯಾಗದ ನಾಟಕಕ್ಕೂ ಅಲ್ಲಿ ಅಂಕ ಇಲ್ಲ ಅನ್ನೋದು ನನಗೆ ಬಹಳ ಇಷ್ಟವಾದ ಸಂಗತಿ. ಮೈತ್ರಿಗೆ ದೂರದ ಶತ್ರು ದ್ವೇಷ, ಹತ್ತಿರದ ಶತ್ರು ರಾಗ, ಅಂದರೆ ಅಂಟು. 'ನಮ್ಮವರು' ಅನ್ನೋ ಅಂಟು ಮೈತ್ರಿಯ ವೇಷದಲ್ಲೇ ಬರುತ್ತೆ, ಅದಕ್ಕೇ ಅದು ಹತ್ತಿರದ ಶತ್ರು.

ಇದಕ್ಕೆ ನಮ್ಮೂರಿನ ಕೊಂಡಿಯೂ ಇದೆ. ಬೆಂಗಳೂರಿನ ಗಾಂಧಿನಗರದಲ್ಲಿರುವ ಮಹಾಬೋಧಿ ಸಂಸ್ಥೆಯನ್ನು 1956ರಲ್ಲಿ ಸ್ಥಾಪಿಸಿದವರು ಆಚಾರ್ಯ ಬುದ್ಧರಕ್ಖಿತ (1922–2013). ಮೆತ್ತಾದ ತತ್ವ ಮತ್ತು ಅಭ್ಯಾಸದ ಬಗ್ಗೆ ಅವರು ಇಂಗ್ಲಿಷಿನಲ್ಲಿ ಬರೆದ ಪುಟ್ಟ ಪುಸ್ತಕ 1989ರಲ್ಲಿ ಶ್ರೀಲಂಕಾದ ಕ್ಯಾಂಡಿಯಿಂದ ಪ್ರಕಟವಾಗಿ ಜಗತ್ತೆಲ್ಲ ಸುತ್ತಿತು. ಅದೇ ಸಂಸ್ಥೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸುಟ್ಟಗಾಯಗಳ ಚಿಕಿತ್ಸೆಗೆ ಒಂದು ವಿಭಾಗ ಕಟ್ಟಿಸಿಕೊಟ್ಟಿತು. ಮೈತ್ರಿಯ ಬಗ್ಗೆ ಬರೆದ ಕೈಗೂ ಸುಟ್ಟ ಮೈಗೆ ಹಾಸಿಗೆ ಒದಗಿಸಿದ ಕೈಗೂ ಸಂಬಂಧ ಇತ್ತು. ನಮ್ಮ ಲಂಚ್ ಟೈಮ್ ಮೈತ್ರಿಯಲ್ಲಿ ಕಡಿದುಹೋಗಿರೋದು ಆ ಸಂಬಂಧವೇ.

ಡೇಟಾ ಏನು ಹೇಳುತ್ತೆ

ನನ್ನ ಹೊಟ್ಟೆಪಾಡು ಡೇಟಾ. ಆದ್ದರಿಂದ 'ಸೈನ್ಸ್ ಪ್ರೂವ್ ಮಾಡಿದೆ' ಅಂತ ಯಾರಾದರೂ ಅಂದಾಗ ನಾನು ಮೊದಲು ಕೇಳೋದು: ಯಾರನ್ನ ಕೇಳಿದ್ರಿ? ಯಾರ ಜೊತೆ ಹೋಲಿಸಿದ್ರಿ?

ಎಲ್ಲರೂ ಉದಾಹರಿಸುವ ಅಧ್ಯಯನ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರದು, 2008ರದ್ದು. ಅಮೆರಿಕದ ಡೆಟ್ರಾಯ್ಟಿನ ಒಂದು ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿಗಳು, ಅಂದರೆ ನಮ್ಮಂಥವರೇ. ಏಳು ವಾರದ ತರಬೇತಿ. ವಿಶ್ಲೇಷಣೆಗೆ ಸಿಕ್ಕವರು 139 ಜನ, ಅದರಲ್ಲಿ ಸುಮಾರು ಅರ್ಧ ಜನ ಧ್ಯಾನ ಮಾಡಿದರು, ಉಳಿದವರು ಸರದಿಗೆ ಕಾದರು. ಧ್ಯಾನ ಮಾಡಿದವರಲ್ಲಿ ಒಳ್ಳೆಯ ಭಾವನೆಗಳು ನಿಧಾನವಾಗಿ ಹೆಚ್ಚಿದವು, ಅದರ ಜೊತೆಗೆ ಇತರರೊಂದಿಗಿನ ಸಂಬಂಧವೂ ಸೇರಿ ಹಲವು ಅಳತೆಗಳು ಸುಧಾರಿಸಿದವು. ಇದು ಗಂಭೀರವಾದ ಕೆಲಸ, ನಾನು ತಳ್ಳಿಹಾಕಲ್ಲ.

ಆದರೆ 2018ರಲ್ಲಿ ಉಟೆ ಕ್ರೆಪ್ಲಿನ್, ಮಿಗೆಲ್ ಫರಿಯಾಸ್, ಇಂತಿ ಬ್ರೆಜಿಲ್ ಎಂಬ ಮೂವರು ಧ್ಯಾನ ಮನುಷ್ಯರನ್ನ ಹೆಚ್ಚು ದಯಾಳು ಮಾಡುತ್ತಾ ಅಂತ ಹಲವು ಪ್ರಯೋಗಗಳನ್ನ ಒಟ್ಟಿಗೆ ಇಟ್ಟು ನೋಡಿದರು. ಕರುಣೆ ಹೆಚ್ಚಿದ್ದು ಎರಡು ಸಂದರ್ಭಗಳಲ್ಲಿ ಮಾತ್ರ. ಒಂದು, ಧ್ಯಾನ ಹೇಳಿಕೊಟ್ಟವರೇ ಆ ಪ್ರಬಂಧದ ಸಹಲೇಖಕರಾಗಿದ್ದಾಗ. ಎರಡು, ಹೋಲಿಕೆಯ ಗುಂಪಿನವರು ಏನೂ ಮಾಡದೆ ಸುಮ್ಮನೆ ಕಾಯ್ತಾ ಇದ್ದಾಗ. ಆ ಗುಂಪಿಗೂ ಬೇರೆ ಏನಾದರೂ ಚಟುವಟಿಕೆ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲ. ಅಡುಗೆ ಮಾಡಿದವರೇ ರುಚಿ ನೋಡಿ ಅಂಕ ಕೊಟ್ಟ ಹಾಗೆ.

ನನ್ನ ದೊಡ್ಡ ತಕರಾರು ಇದಕ್ಕಿಂತ ಸರಳ. ಸಂಬಂಧ ಸುಧಾರಿಸಿತಾ ಅನ್ನೋ ಪ್ರಶ್ನೆಗೆ ಡೆಟ್ರಾಯ್ಟಿನ ಅಧ್ಯಯನದಲ್ಲಿ ಉತ್ತರ ಬರೆದವರು ಧ್ಯಾನ ಮಾಡಿದವರೇ. ಸಂಬಂಧಕ್ಕೆ ಎರಡು ತುದಿ ಇದೆಯಲ್ವಾ? ನಿಮ್ಮ ಹೆಂಡತಿ ಏನು ಅಂತಾಳೆ, ನಿಮ್ಮ ತಂಡದ ಜೂನಿಯರ್ ಏನು ಅಂತಾನೆ? ಒಂದು ತುದಿಯಿಂದ ಮಾತ್ರ ಅಳೆದರೆ ಅದು ಅರ್ಧ ಡೇಟಾ. ಉಳಿದರ್ಧ ಇಲ್ಲದೇ ಇರೋದು ಆಕಸ್ಮಿಕವೂ ಅಲ್ಲ. ನಾವು ಕೇಳೋಕೆ ಹೆದರೋದು ಅಲ್ಲೇ.

ಇನ್ನೊಂದು ಫಲಿತಾಂಶ ನೋಡಿ. 2017ರಲ್ಲಿ ಜರ್ಮನಿಯ ವೆರೋನಿಕಾ ಎಂಗರ್ಟ್, ತಾನಿಯಾ ಸಿಂಗರ್ ಮತ್ತು ಸಂಗಡಿಗರು ಒಂದು ದೊಡ್ಡ ಪ್ರಯೋಗದ ವರದಿ ಕೊಟ್ಟರು. ಮೂರು ಮೂರು ತಿಂಗಳ ಮೂರು ಬಗೆಯ ತರಬೇತಿ. ಒಂದರಲ್ಲಿ ಉಸಿರು, ದೇಹದ ಮೇಲೆ ಗಮನ. ಇನ್ನೊಂದರಲ್ಲಿ ಮೈತ್ರಿ, ಕರುಣೆ. ಮತ್ತೊಂದರಲ್ಲಿ ಬೇರೆಯವರ ದೃಷ್ಟಿಯಿಂದ ನೋಡೋದು. ಆಮೇಲೆ ತೀರ್ಪುಗಾರರ ಮುಂದೆ ಭಾಷಣ ಮಾಡಿಸಿ, ಬಾಯಿಲೆಕ್ಕ ಮಾಡಿಸಿ ಬೆವರು ಇಳಿಸಿದರು. 'ಸ್ಟ್ರೆಸ್ ಕಡಿಮೆ ಅನ್ನಿಸ್ತು' ಅಂತ ಮೂರೂ ತರಬೇತಿಯವರು ಹೇಳಿದರು. ಆದರೆ ಕಾರ್ಟಿಸಾಲ್ ಅನ್ನೋ ಹಾರ್ಮೋನು ಬೇರೆ ಕಥೆ ಹೇಳಿತು. ಬರೀ ಗಮನದ ತರಬೇತಿಯಿಂದ ಅದು ಇಳಿಯಲಿಲ್ಲ. ಉಳಿದೆರಡರಲ್ಲಿ ಅದರ ಏರಿಕೆ ಶೇಕಡಾ 51ರಷ್ಟರ ತನಕ ತಗ್ಗಿತು. ಆ ಎರಡರಲ್ಲೂ ಇದ್ದದ್ದು ಏನು ಗೊತ್ತಾ? ದಿನಾ ಸುಮಾರು ಹತ್ತು ನಿಮಿಷ ಇನ್ನೊಬ್ಬ ಮನುಷ್ಯನ ಜೊತೆ ಜೋಡಿಯಾಗಿ ಅಭ್ಯಾಸ. ಒಬ್ಬರು ಮನಸ್ಸು ಬಿಚ್ಚಿ ಮಾತಾಡೋದು, ಇನ್ನೊಬ್ಬರು ಬಾಯಿ ಹಾಕದೆ ಕೇಳೋದು.

ಒಂದು ಪ್ರಯೋಗದಿಂದ ಲೋಕ ಗೆದ್ದೆ ಅನ್ನಲ್ಲ. ಆದರೆ ನಾನು ಓದಿಕೊಳ್ಳೋದು ಹೀಗೆ: ಎದುರಿಗೆ ಒಬ್ಬ ಮನುಷ್ಯ ಬೇಕು. ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೂತು ಸಕಲ ಜೀವಿಗಳ ಜೊತೆ ಸಂಬಂಧ ಸುಧಾರಿಸಿಕೊಳ್ಳೋಕೆ ಆಗಲ್ಲ.

ಬೆಂಕಿ ಯಾರದು, ಕಂಬಳಿ ಯಾರದು

ಈಗ ಆಫೀಸಿಗೆ ವಾಪಸ್ ಬರೋಣ. ಬುಧವಾರದ ಮೈತ್ರಿ ಶಿಬಿರ ಏರ್ಪಡಿಸಿದ್ದು ಯಾಕೆ? ಜನ ಸೋತಿದ್ದರು. ಯಾಕೆ ಸೋತಿದ್ದರು? ಮೂವರು ಬಿಟ್ಟುಹೋದ ಕೆಲಸವನ್ನ ಉಳಿದವರಿಗೆ ಹಂಚಿದ್ದರು. ಕಂಪನಿ ಹೆಸರು ಬೇಡ, ಇಂಥ ಕಥೆಗೆ ಒಂದೇ ವಿಳಾಸ ಇರಲ್ಲ. ವಾಟರ್ಲೂ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳಿವೆ, ಮೆಲ್ಬರ್ನಿನ ಡಾಕ್‌ಲ್ಯಾಂಡ್ಸಿನಲ್ಲೂ ಇವೆ.

ಒಂದು ವಿಷಯ ನಿಮಗೆ ಗೊತ್ತಿರಲಿ. ನ್ಯೂ ಸೌತ್ ವೇಲ್ಸ್‌ನಲ್ಲಿ 2022ರ ಅಕ್ಟೋಬರಿನಿಂದ ಕೆಲಸದ ಜಾಗದ ಸುರಕ್ಷತಾ ನಿಯಮಗಳಲ್ಲಿ ಮನಸ್ಸಿಗೆ ಆಗುವ ಅಪಾಯಗಳೂ ಸೇರಿವೆ. ಮಿತಿಮೀರಿದ ಕೆಲಸದ ಹೊರೆ, ಕಿರುಕುಳ, ಬೆಂಬಲ ಇಲ್ಲದಿರೋದು, ಇವೆಲ್ಲ ಜಾರುವ ನೆಲ, ಕಿತ್ತುಹೋದ ವೈರಿನ ಹಾಗೇ ಅಪಾಯಗಳು. ಅವನ್ನ ಗುರುತಿಸಿ ನಿಭಾಯಿಸೋದು ಮಾಲೀಕರ ಕರ್ತವ್ಯ. 2024ರ ಆಗಸ್ಟ್ 26ರಿಂದ ಆಸ್ಟ್ರೇಲಿಯಾದಲ್ಲಿ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಕರೆ, ಮೆಸೇಜುಗಳಿಗೆ ಉತ್ತರ ಕೊಡದೇ ಇರುವ ಹಕ್ಕೂ ಇದೆ, ಆ ನಿರಾಕರಣೆ ಅಸಮಂಜಸವಾಗಿರಬಾರದು ಅಷ್ಟೇ. ಸಣ್ಣ ಸಂಸ್ಥೆಗಳಿಗೆ ಅದು 2025ರ ಆಗಸ್ಟ್ 26ರಿಂದ ಬಂತು.

ನೆಲದ ಮೇಲೆ ಎಣ್ಣೆ ಚೆಲ್ಲಿದ್ದರೆ ಒರೆಸಬೇಕು. ಎಣ್ಣೆ ಹಾಗೇ ಬಿಟ್ಟು, ನಡೆಯೋರಿಗೆ ಸಮತೋಲನದ ಯೋಗ ಹೇಳಿಕೊಟ್ಟರೆ ಅದನ್ನ ಏನಂತೀರಿ? ಮ್ಯಾನೇಜರಿಗೆ ಒಳ್ಳೇದು ಹಾರೈಸಿ, ಖಂಡಿತ. ಹಾರೈಸಿದ ಮೇಲೆ 'ಈ ಕೆಲಸಕ್ಕೆ ಇನ್ನಿಬ್ಬರು ಬೇಕು' ಅಂತ ಅದೇ ತಣ್ಣಗಿನ ಹೊಟ್ಟೆಯಿಂದ ಈಮೇಲ್ ಬರೀರಿ. ಮೈತ್ರಿ ಇರುವವನಿಗೆ ಕೋಪ ಇಲ್ಲದೆ 'ಇಲ್ಲ' ಅನ್ನೋಕೆ ಬರುತ್ತೆ. ಅದು ಬರದಿದ್ದರೆ ನಾವು ಅಭ್ಯಾಸ ಮಾಡಿದ್ದು ಮೈತ್ರಿ ಅಲ್ಲ, ಬರೀ ತಲೆಯಾಡಿಸೋದು.

ಈಗ ನಮ್ಮ ಸರದಿ

ಕಂಪನಿಗಳನ್ನ ಬಯ್ಯೋದು ಸುಲಭ, ಚಪ್ಪಾಳೆಯೂ ಬೀಳುತ್ತೆ. ನಮ್ಮ ಮನೆ ಅಂಗಳಕ್ಕೆ ಬರೋಣ.

ನಮ್ಮ ಸ್ಟ್ರೆಸ್ಸಿನಲ್ಲಿ ಎಷ್ಟು ಪಾಲು ಆಫೀಸಿನದು, ಎಷ್ಟು ಪಾಲು ಹೊಟ್ಟೆಉರಿ? ಅವರು ಕ್ಯಾಸಲ್ ಹಿಲ್‌ನಲ್ಲಿ ಮನೆ ತಗೊಂಡರು. ಇವರ ಮಗಳಿಗೆ ಸೆಲೆಕ್ಟಿವ್ ಸ್ಕೂಲ್ ಸಿಕ್ಕಿತು. ಮತ್ತೊಬ್ಬರು ಸಂಘದ ವೇದಿಕೆಯಲ್ಲಿ ನಮ್ಮ ಹೆಸರು ಹೇಳೋದು ಮರೆತರು. ಯಾರೋ ವಾಟ್ಸಾಪ್ ಗುಂಪಿನಿಂದ ಹೊರಹೋದರು, ಯಾಕೆ ಹೋದರು ಅಂತ ನಾಲ್ಕು ಮನೆಗಳಲ್ಲಿ ವಾರಗಟ್ಟಲೆ ಚರ್ಚೆ. ಇದಕ್ಕೆಲ್ಲ ಮೈತ್ರಿಯ ತಂಗಿ ಮುದಿತೆ ಇದ್ದಾಳೆ. ಇನ್ನೊಬ್ಬರ ಸಂತೋಷ ಕಂಡು ಸಂತೋಷಪಡೋದು. 'ಸೆಲ್ಫ್ ಕಂಪ್ಯಾಷನ್' ಅಂದರೆ ನೂರು ಪಾಡ್‌ಕಾಸ್ಟ್ ಸಿಗುತ್ತೆ, ಮುದಿತೆಗೆ ಗಿರಾಕಿ ಇಲ್ಲ.

ನನ್ನ ವಿಷಯ ಹೇಳದೆ ಇದ್ದರೆ ಇದು ಬರೀ ಉಪದೇಶ ಆಗುತ್ತೆ. ನನಗೂ ನಮ್ಮ ಚಿಕ್ಕಪ್ಪನಿಗೂ ತುಮಕೂರಿನ ಒಂದು ಸೈಟಿನ ವಿಷಯಕ್ಕೆ ಮಾತು ಬಿಟ್ಟುಹೋಯಿತು. ಸರಿ ನಮ್ಮ ಕಡೆ ಇತ್ತು ಅಂತ ಈಗಲೂ ಅನ್ನಿಸುತ್ತೆ. ಆದರೆ ಫೋನಿನಲ್ಲಿ ನಾನು ಆಡಿದ ಮಾತು ಸರಿ ಇರಲಿಲ್ಲ. ಮೂರು ವರ್ಷ ಮಾತಿಲ್ಲ. ಅದೇ ಮೂರು ವರ್ಷ ನಾನು ಶ್ರದ್ಧೆಯಿಂದ ಮೈತ್ರಿ ಧ್ಯಾನ ಮಾಡ್ತಾ ಇದ್ದೆ. ಆಪ್ ನನಗೆ ಬ್ಯಾಡ್ಜ್ ಕೊಡ್ತಾ ಇತ್ತು. 'ಕಷ್ಟದ ವ್ಯಕ್ತಿ' ಅಂದಾಗಲೆಲ್ಲ ನಾನು ಒಬ್ಬ ಹಳೆಯ ಸಹೋದ್ಯೋಗಿಯನ್ನ ನೆನೆಸಿಕೊಳ್ತಿದ್ದೆ. ಅವನು ನನ್ನ ಸ್ಲೈಡಿಗೆ ತನ್ನ ಹೆಸರು ಹಾಕಿಕೊಂಡಿದ್ದ, ಅಷ್ಟೇ. ಸುಲಭದ ವೈರಿ. ಡೇಟಾ ಭಾಷೆಯಲ್ಲಿ ಹೇಳೋದಾದರೆ, ಫಲಿತಾಂಶ ಕೆಡಿಸಬಹುದಾಗಿದ್ದ ಒಂದು ಸಾಲನ್ನ ನಾನೇ ಅಳಿಸಿ, ಉಳಿದದ್ದರ ಸರಾಸರಿ ತೆಗೆದು ಖುಷಿಯಾಗಿದ್ದೆ.

ಮ್ಯಾಕ್ವೆರಿ ಪಾರ್ಕ್ ಮೆಟ್ರೋ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ತಮ್ಮನ ಮೆಸೇಜ್ ಬಂತು. ಚಿಕ್ಕಪ್ಪ ಹೋದರು. ರಾತ್ರಿ ಮನೆಗೆ ಬಂದು ಮೊದಲ ಸಲ ಅವರ ಹೆಸರು ಹಿಡಿದು ಧ್ಯಾನಕ್ಕೆ ಕೂತೆ. ಏನೂ ಆಗಲಿಲ್ಲ. ಗೋಡೆಗೆ ಮಾತಾಡಿದ ಹಾಗೆ.

ಆಮೇಲೆ ವಿಶುದ್ಧಿಮಗ್ಗ ಓದುವಾಗ ಒಂದು ನಿಯಮ ಕಣ್ಣಿಗೆ ಬಿತ್ತು: ಸತ್ತವರ ಕಡೆಗೆ ಈ ಅಭ್ಯಾಸ ಮಾಡಬಾರದು. ಜೊತೆಗೆ ಒಂದು ಕಥೆ. ಒಬ್ಬ ಎಳೆಯ ಭಿಕ್ಷು ತನ್ನ ಗುರುವನ್ನ ನೆನೆದು ಮೈತ್ರಿ ಭಾವನೆಗೆ ಕೂತ. ಎಷ್ಟು ಪ್ರಯತ್ನಪಟ್ಟರೂ ಮನಸ್ಸು ನೆಲೆ ನಿಲ್ಲಲಿಲ್ಲ. ಹಿರಿಯರೊಬ್ಬರ ಹತ್ತಿರ ಹೋದ. ನೀನು ಯಾರನ್ನ ನೆನೀತಿದ್ದೀಯೋ ಅವರು ಹೇಗಿದ್ದಾರೆ ನೋಡು ಅಂದರು. ವಿಚಾರಿಸಿದರೆ ಗುರು ತೀರಿಕೊಂಡಿದ್ದರು.

ಅದರ ಶಾಸ್ತ್ರೀಯ ಕಾರಣ ಏನೇ ಇರಲಿ, ನನಗೆ ಅರ್ಥ ಆಗಿದ್ದು ಇಷ್ಟು. ಮೈತ್ರಿಗೆ ಇನ್ನೊಂದು ತುದಿಯಲ್ಲಿ ಉಸಿರಾಡುವ ಮನುಷ್ಯ ಬೇಕು. ದೂರದೇಶದಲ್ಲಿ ಇರುವ ನಮಗೆ ಆ ತುದಿಗಳು ಒಂದೊಂದಾಗಿ ಕಡಿಮೆಯಾಗ್ತಾ ಇವೆ.

ಮೂರು ಆಕ್ಷೇಪಗಳು

'ಹಾಗಾದರೆ ಹೊಡೆದವನನ್ನೂ ಕ್ಷಮಿಸಿ ವಾಪಸ್ ಹೋಗಬೇಕಾ?' ಬೇಡ. ಖಂಡಿತ ಬೇಡ. ವೈರಿಯಿಂದ ಶುರು ಮಾಡಬೇಡ, ನಿನ್ನಿಂದ ಶುರು ಮಾಡು ಅಂತ ಆ ಗ್ರಂಥವೇ ಹೇಳುತ್ತೆ. ಒಳ್ಳೇದು ಹಾರೈಸೋದು ಬೇರೆ, ಬಾಗಿಲು ತೆರೆಯೋದು ಬೇರೆ. ಮನೆಯಲ್ಲಿ ಹಿಂಸೆ ಇದ್ದರೆ ನಿಮಗೆ ಬೇಕಾದ್ದು ಧ್ಯಾನ ಅಲ್ಲ, ಸಹಾಯ. ಆಸ್ಟ್ರೇಲಿಯಾದಲ್ಲಿ 1800 737 732ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ವೀಸಾ ಭಯ ತೋರಿಸಿ ಬಾಯಿ ಮುಚ್ಚಿಸಿದ್ದರೂ ಮಾಡಿ. 'ಹೊಂದಿಕೊಂಡು ಹೋಗಮ್ಮ' ಅನ್ನೋದಕ್ಕೆ ಮೈತ್ರಿ ಅನ್ನೋ ಹೆಸರು ಕೊಡುವವರನ್ನ ನಂಬಬೇಡಿ.

'ಹತ್ತು ನಿಮಿಷ ನೆಮ್ಮದಿ ಸಿಕ್ಕರೆ ನಿನಗೇನಪ್ಪ ತೊಂದರೆ?' ಏನೂ ಇಲ್ಲ. ತಲೆನೋವಿಗೆ ಅಮೃತಾಂಜನ ಹಚ್ಚಿಕೊಳ್ಳಿ, ನಾನೂ ಹಚ್ಚಿಕೊಳ್ತೀನಿ. ಆದರೆ ಅಮೃತಾಂಜನ ಹಚ್ಚಿಕೊಂಡು 'ನನ್ನ ಸಂಬಂಧಗಳು ಸುಧಾರಿಸಿದವು' ಅನ್ನಬೇಡಿ.

'ಇದೆಲ್ಲ ನಮ್ಮದೇ, ಬಿಳಿಯರು ಕದ್ದು ನಮಗೇ ಮಾರ್ತಾ ಇದ್ದಾರೆ.' ಪತಂಜಲಿಯ ಯೋಗಸೂತ್ರದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ನಾಲ್ಕೂ ಇವೆ, ನಿಜ. ಜೈನರ ತತ್ತ್ವಾರ್ಥಸೂತ್ರದಲ್ಲೂ ಇಂಥದೇ ನಾಲ್ಕು ಭಾವನೆಗಳಿವೆ, ಮೊದಲನೆಯದು ಮೈತ್ರಿಯೇ. ಕರ್ನಾಟಕದ ಜೈನರು ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಎದುರಿಗೆ ನಿಂತು ಬಾಯಿಬಿಟ್ಟು ಕ್ಷಮೆ ಕೇಳ್ತಾರೆ. ನಮ್ಮದು ಅನ್ನೋದಾದರೆ ಅದೂ ನಮ್ಮದೇ ಅಲ್ವಾ? ಅಜ್ಜನ ಆಸ್ತಿ ಪತ್ರ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಹೊಲ ಬೀಳುಬಿದ್ದಿದೆ. ಉತ್ತವರು ಬೇರೆ ಯಾರೋ. ದೂರೋದು ಯಾರನ್ನ?

ಹಾಗಾದರೆ ಏನು ಮಾಡೋದು

ಧ್ಯಾನ ಬಿಡಿ ಅಂತ ನಾನು ಹೇಳ್ತಿಲ್ಲ. ಪೂರ್ತಿ ಮಾಡಿ ಅಂತ ಹೇಳ್ತಿದ್ದೀನಿ.

ಕನ್ನಡದಲ್ಲಿ ಮಾಡಿ. ಕನ್ನಡ ಇನ್ನೂ ಕಲೀತಿದ್ದರೂ ಪರವಾಗಿಲ್ಲ, 'ಅವರು ಚೆನ್ನಾಗಿರಲಿ, ಅವರ ಹೊಟ್ಟೆ ತಣ್ಣಗಿರಲಿ' ಅನ್ನೋಷ್ಟು ಸಾಕು. ಜಗಳ ಆಡಿದ ಭಾಷೆಯಲ್ಲೇ ಹಾರೈಕೆಯೂ ಇರಲಿ, ಆಗ ತಪ್ಪಿಸಿಕೊಳ್ಳೋಕೆ ಆಗಲ್ಲ.

ಒಂದು ಚೀಟಿಯಲ್ಲಿ ಹೆಸರುಗಳನ್ನ ಬರೀರಿ. ಎಷ್ಟು ನಿಮಿಷ ಕೂತೆ ಅಂತ ಲೆಕ್ಕ ಇಡಬೇಡಿ, ಯಾರನ್ನ ಬಿಟ್ಟು ಕೂತೆ ಅಂತ ಲೆಕ್ಕ ಇಡಿ. ಬರೆಯೋಕೆ ಕೈ ತಡೆಯೋ ಹೆಸರು ಯಾವುದೋ, ನಿಮ್ಮ ಅಭ್ಯಾಸ ಅಲ್ಲಿದೆ. ಇವತ್ತೇ ಅಲ್ಲಿಂದ ಶುರು ಮಾಡಬೇಕಾಗಿಲ್ಲ, ಅದನ್ನ ಅಳಿಸಬೇಡಿ ಅಷ್ಟೇ.

ಎಷ್ಟು ಕೂತರೂ ಕೋಪ ಹೋಗದಿದ್ದರೆ? ಬುದ್ಧಘೋಷ ಒಂದಾದ ಮೇಲೊಂದು ಉಪಾಯ ಹೇಳ್ತಾ ಹೋಗ್ತಾನೆ. ಎಲ್ಲ ಮುಗಿದ ಮೇಲೆ ಕೊನೆಯದು ಕಣ್ಣು ಮುಚ್ಚಿಕೊಂಡು ಮಾಡುವಂಥದ್ದೇ ಅಲ್ಲ: ಆ ಮನುಷ್ಯನಿಗೆ ಏನಾದರೂ ಕೊಡು. ಅಲ್ಲೂ ಒಂದು ಕಥೆ. ಒಬ್ಬ ಹಿರಿಯ ಭಿಕ್ಷು ಇನ್ನೊಬ್ಬನನ್ನ ಮೂರು ಸಲ ವಸತಿಯಿಂದ ಎಬ್ಬಿಸಿ ಕಳಿಸಿದ್ದ. ಹಾಗೆ ಕಳಿಸಿಕೊಂಡವನೇ ಹೋಗಿ, ತನ್ನ ತಾಯಿ ಕೊಟ್ಟಿದ್ದ ಭಿಕ್ಷಾಪಾತ್ರೆಯನ್ನ ಆ ಹಿರಿಯನ ಕೈಗೆ ಇಟ್ಟ.

ನಮಗೆ ಇದು ಹೊಸದಾ? ಸಂಕ್ರಾಂತಿಯ ದಿನ ತಟ್ಟೆಯಲ್ಲಿ ಎಳ್ಳುಬೆಲ್ಲ ಇಟ್ಟುಕೊಂಡು, ಮುನಿಸಿಕೊಂಡವರ ಮನೆಗೂ ಹೋಗಿ ಬಾ ಅಂತ ಅಮ್ಮ ಕಳಿಸ್ತಾ ಇದ್ದದ್ದು ಯಾಕೆ? ಅದು ನಾಲ್ಕನೇ ಹೆಜ್ಜೆ. ಕಾಲಲ್ಲಿ ನಡೆದು ಮಾಡ್ತಿದ್ದ ಮೈತ್ರಿ.

ಬ್ಲೂ ಮೌಂಟನ್ಸಿನ ಬ್ಲ್ಯಾಕ್‌ಹೀತ್‌ನಲ್ಲಿ ಗೋಯೆಂಕಾ ಸಂಪ್ರದಾಯದ ವಿಪಶ್ಯನಾ ಕೇಂದ್ರ ಇದೆ, ನಮ್ಮಲ್ಲಿ ಎಷ್ಟೋ ಜನ ಹೋಗಿಬಂದಿದ್ದೀವಿ. ಅಲ್ಲಿ ಮೈತ್ರಿ ಹೇಳಿಕೊಡೋದು ಹತ್ತನೇ ದಿನ. ಮೌನ ಮುರಿದು ಮಾತು ಶುರುವಾಗುವುದೂ ಅದೇ ದಿನ. ಅದನ್ನ ನಾನು ಹೀಗೆ ತಗೋತೀನಿ: ಮೈತ್ರಿ ಕಲಿತೆಯಾ, ಸರಿ, ಈಗ ಹೋಗಿ ಮಾತಾಡು.

ಚಿಕ್ಕಪ್ಪ ಇಲ್ಲ. ಚಿಕ್ಕಮ್ಮ ಇದ್ದಾರೆ. ಈಗ ತಿಂಗಳಿಗೆ ಎರಡು ಸಲ ಫೋನ್ ಮಾಡ್ತೀನಿ. ಸೈಟಿನ ಮಾತು ಇಬ್ಬರೂ ಎತ್ತಲ್ಲ. ಸಂಬಂಧ ಸುಧಾರಿಸಿದೆ ಅಂತ ನಾನು ಹೇಳಲ್ಲ. ಅದನ್ನ ಹೇಳಬೇಕಾದವರು ಅವರು.

ನಿಮ್ಮ ಚೀಟಿಯಲ್ಲೂ ಒಂದು ಹೆಸರು ಇದ್ದೇ ಇರುತ್ತೆ. ಬೇಸಿಗೆಯಲ್ಲಿ ಸಿಡ್ನಿ, ಮೆಲ್ಬರ್ನ್‌ಗೆ ಸಂಜೆ ಏಳು ಅಂದರೆ ಊರಲ್ಲಿ ಮಧ್ಯಾಹ್ನ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. 'ಊಟ ಆಯ್ತಾ?' ಅಂತ ಕೇಳೋಕೆ ಸರಿಯಾದ ಹೊತ್ತು.